ಬಟ್ಟಲಡಿಕೆ ಪೋಕರು

ಇದು ನಡೆದ ಕತೆ. ಸುಳ್ಳಾಗಿದ್ದರೆ ಇನ್ನೂ ಚೆನ್ನಾಗಿ ಹೇಳಬಹುದಿತ್ತು. ನಿಜವಾದ್ದರಿಂದ ನಡೆದ ಹಾಗೆಯೇ ಹೇಳಬೇಕಾಗಿದೆ. ಅನುಮಾನವಿದ್ದವರು ಅಜ್ಜಂಪುರಕ್ಕೆ ಹೋಗಿ ದೇವೀರಪ್ಪನ ಅಕ್ಕಿ ಗಿರಣಿಯ ಜಗಲಿ ನೋಡಿ ಬರಬಹುದು. ಮೂಲೆಯ ಕಂಬದ ಬುಡದಲ್ಲಿ ಕೆಂಪಗೆ ಒಂದು ಕಲೆ ಇದೆ. ದೇವೀರಪ್ಪ ವರ್ಷವರ್ಷವೂ ಅದಕ್ಕೆ ಸುಣ್ಣ ಬಳಿಸುತ್ತಾನೆ. ಎಲೆಯಡಿಕೆಯ ಕಲೆಗೆ ಸುಣ್ಣವೂ ಸೇರಿದರೆ ಇನ್ನೇನಾದೀತು? ವರ್ಷವರ್ಷವೂ ಅದು ಇನ್ನಷ್ಟು ಕೆಂಪಾಗುತ್ತದೆ.

ಕಡೂರಿನ ಕೊಬ್ಬರಿ ಮಂಡಿ ಗಂಗಾಧರಯ್ಯನವರಿಗೆ ಯಾವುದಕ್ಕೂ ಕಡಿಮೆ ಇರಲಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಒಣಗಿ, ಚಿಪ್ಪು ಬಿಟ್ಟು ಗಿಟುಕಾಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಮಾರಲು ಬಂದ ರೈತನ ಮುಖ ನೋಡಿ ಅವನ ಮನಸ್ಸಿನಲ್ಲಿರುವ ರೇಟು ಹೇಳುತ್ತಿದ್ದರು. ಆದರೆ ಬೇರೆಯವರ ಮುಖ ಓದುವ ಈ ಮನುಷ್ಯನ ಸ್ವಂತ ಮುಖ ಬಸ್‌ಸ್ಟ್ಯಾಂಡಿನ ಬೋರ್ಡಿನಂತಿತ್ತು. ಯಾರು ಬೇಕಾದರೂ ದೂರದಿಂದಲೇ ಓದಬಹುದಿತ್ತು. ಇಸ್ಪೀಟಿನಲ್ಲಿ ರಾಜ ಬಂದರೆ ಅವರ ಮೀಸೆ ಕುಣಿಯುತ್ತಿತ್ತು. ಗುಲಾಮ ಬಂದರೆ ಹುಬ್ಬು ಹಣೆಯ ವಿಭೂತಿಯವರೆಗೂ ಏರುತ್ತಿತ್ತು. ಎಲೆ ಕೆಟ್ಟಿದ್ದರೆ ಪಾಪ, ಸಾವಿನ ಮನೆಗೆ ಹೊರಟವರ ಹಾಗೆ ಟವಲ್ಲು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು.

ಇದರ ಪೂರ್ತಿ ಫಾಯಿದೆ ತೆಗೆದುಕೊಂಡವನು ತರೀಕೆರೆಯ ಅಡಿಕೆ ವ್ಯಾಪಾರಿ ತೀರ್ಥಪ್ಪ. ಗಂಗಾಧರಯ್ಯನವರ ಹೆಂಡತಿ ಮಲ್ಲಿಕಾಂಬಳ ಖಾಸಾ ತಮ್ಮ. ಅಕ್ಕನ ಮದುವೆಯಾದ ಮೊದಲ ದೀಪಾವಳಿಯಿಂದ ಅವತ್ತಿನವರೆಗೂ ತರೀಕೆರೆಯ ತನ್ನ ಮನೆಯ ಪಡಸಾಲೆಯಲ್ಲಿ ಭಾವನನ್ನು ಸೋಲಿಸುತ್ತಲೇ ಬಂದಿದ್ದ. ಸೋಲಿಸಿದ್ದಕ್ಕಿಂತ ಹೆಚ್ಚು ಉರಿಸಿದ್ದು ಅವನ ಮಾತು.

"ಭಾವ, ನೀವು ಎಲೆ ಎತ್ಕೊಳ್ಳೋದೇ ಬೇಡ ಕಣ್ರೀ. ಸುಮ್ನೆ ನನ್ ಕಡೆ ತಿರುಗಿ ಕೂತ್ಕೊಳ್ಳಿ, ನಾನೇ ಓದಿ ಹೇಳ್ತೀನಿ."

ಪಡಸಾಲೆಯ ಜನವೆಲ್ಲ ನಗುತ್ತಿತ್ತು. ಗಂಗಾಧರಯ್ಯನವರೂ ನಗುತ್ತಿದ್ದರು. ಆದರೆ ವಾಪಸು ಬರುವ ಬಸ್ಸಿನಲ್ಲಿ ಬೀರೂರು ದಾಟುವವರೆಗೂ ಮಾತಾಡುತ್ತಿರಲಿಲ್ಲ. ಒಂದೇ ಒಂದು ಸಲ, ಎಲ್ಲರ ಎದುರಿಗೆ, ತೀರ್ಥಪ್ಪನನ್ನು ಸೋಲಿಸಬೇಕು. ಅವರಿಗೆ ಬೇಕಿದ್ದದ್ದು ಅಷ್ಟೇ.

ಇದು ಷಡಕ್ಷರಿಗೆ ಗೊತ್ತಿತ್ತು. ಷಡಕ್ಷರಿ ಅವರ ತಂಗಿಯ ಮಗ. ಬಿ.ಎ. ಮುಗಿಸಿ, ಸರ್ಕಾರ ಕರೆಯುವುದನ್ನು ಕಾಯುತ್ತ, ಕಾಯಿ ಎಣಿಸುತ್ತ ಮಾವನ ಮಂಡಿಯಲ್ಲಿ ಕೂತಿದ್ದ. ಕಾಲೇಜಿನಿಂದ ಅವನು ತಂದದ್ದು ಎರಡೇ ವಿದ್ಯೆ. ಒಂದು ಇಂಗ್ಲಿಷು, ಇನ್ನೊಂದು ಮಿಮಿಕ್ರಿ. ಕಡೂರು ಸ್ಟೇಷನ್ನಿನ ಅನೌನ್ಸ್‌ಮೆಂಟು ಅವನ ಬಾಯಲ್ಲಿ ಬಂದರೆ ಪ್ಲಾಟ್‌ಫಾರಂ ಮೇಲಿನವರು ಗಂಟು ಎತ್ತಿಕೊಳ್ಳುತ್ತಿದ್ದರು. ಒಮ್ಮೆ ಪೂರ್ತಿ ಒಂದು ಮದುವೆ ದಿಬ್ಬಣ ಎತ್ತಿಕೊಂಡಿತ್ತು.

ಇಂಡಿಯಾ ಕ್ರಿಕೆಟ್ಟಿನಲ್ಲಿ ವರ್ಲ್ಡ್ ಕಪ್ ಗೆದ್ದ ವರ್ಷ ಅದು. ಯಾರು ಬೇಕಾದರೂ ಯಾರನ್ನು ಬೇಕಾದರೂ ಸೋಲಿಸಬಹುದು ಎಂಬ ಧೈರ್ಯ ದೇಶಕ್ಕೆಲ್ಲ ಬಂದಿತ್ತು. ಅದೇ ಸಮಯಕ್ಕೆ ಲಕ್ಕವಳ್ಳಿ ಡ್ಯಾಮಿನ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ತೂಕಕ್ಕೆ ಹಾಕಿದ್ದ ಹಳೆಯ ಪುಸ್ತಕಗಳು ಕಡೂರಿನ ಗುಜರಿ ಅಂಗಡಿಗೆ ಬಂದವು. ಅದರಲ್ಲೊಂದರ ಮೇಲೆ ಅಗಲವಾದ ಹ್ಯಾಟು ಹಾಕಿದ ಅಮೆರಿಕದವನೊಬ್ಬ ಇಸ್ಪೀಟೆಲೆ ಹಿಡಿದು ಕೂತಿದ್ದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಸಿಟ್ಟಿಲ್ಲ, ಸಂತೋಷವಿಲ್ಲ, ಊಟವಾಗಿದೆಯೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತಿರಲಿಲ್ಲ. ಗಂಗಾಧರಯ್ಯನವರು ಆ ಮುಖವನ್ನೇ ನೋಡುತ್ತ ನಿಂತುಬಿಟ್ಟರು.

"ಷಡಕ್ಷರಿ, ಇದೇನು ಬರೆದಿದೆಯೋ?"

"ಪೋಕರ್ ಅಂತ ಇಸ್ಪೀಟಾಟ ಮಾವ. ಅದೇ ಇವನ ಕಸುಬಂತೆ. ಟೂರ್ನಮೆಂಟಲ್ಲಿ ಗೆಲ್ಲೋದು ಹ್ಯಾಗೆ ಅಂತ ಬರ್ದವ್ನೆ."

"ಕಸುಬೇ?! ಮನೇಲಿ ಹೆಂಡ್ತಿ ಏನೂ ಅನ್ನಲ್ವಾ?"

"ಅಂದ್ರೂ ಇವ್ನ ಮುಖ ನೋಡಿದ್ರೆ ಕೇಳಿಸ್ಕೊಂಡಂಗಿಲ್ಲ ಬಿಡಿ."

ಪಾಠ ಶುರುವಾಯಿತು. ಭಾನುವಾರ ಮಂಡಿಗೆ ರಜೆ; ಗೋಣಿಚೀಲದ ಮೇಲೆ ಮಾವ, ತಕ್ಕಡಿಯ ಪಕ್ಕದಲ್ಲಿ ಅಳಿಯ. ಷಡಕ್ಷರಿ ಬರೀ ಓದಿ ಹೇಳುತ್ತಿರಲಿಲ್ಲ, ಆ ಹ್ಯಾಟಿನವನೇ ಆಗಿಬಿಡುತ್ತಿದ್ದ. ಅರ್ಧ ಮೂಗಿನಲ್ಲಿ, ಅರ್ಧ ಗಂಟಲಲ್ಲಿ, ನಾಲಗೆಯನ್ನು ಎಲ್ಲಿಯೂ ಪೂರ್ತಿ ಮುಟ್ಟಿಸದೆ, ಅಮೆರಿಕದವನಿಗೆ ಕನ್ನಡ ಬಂದಿದ್ದರೆ ಹೇಗೆ ಮಾತಾಡುತ್ತಿದ್ದನೋ ಹಾಗೆ.

ಆಟ ಸುಲಭ. ಪ್ರತಿ ಆಟಕ್ಕೂ ಎಲ್ಲರೂ ಮೊದಲೊಂದು ಕಾಯಿ, ಅಂದರೆ ದುಡ್ಡಿನ ಬದಲಿನ ಬಿಲ್ಲೆ, ಪಣ ಕಟ್ಟಬೇಕು. ಕೈಗೆ ಐದೆಲೆ, ಬೇಡವಾದ್ದನ್ನು ಒಂದು ಸಲ ಬದಲಾಯಿಸಬಹುದು. ಒಂದೇ ಬೆಲೆಯ ಎಲೆ ಜೋಡಿಯಾಗಿ ಬಂದರೆ ಒಳ್ಳೆಯದು, ಮೂರು ಬಂದರೆ ಇನ್ನೂ ಒಳ್ಳೆಯದು. ಎಲೆ ಚೆನ್ನಾಗಿದ್ದರೆ ಕಾಯಿ ಏರಿಸು, ಇಲ್ಲದಿದ್ದರೆ ಎಲೆ ಕೆಳಗಿಟ್ಟು ಪ್ಯಾಕ್ ಮಾಡು. ಇಲ್ಲದೆಯೂ ಇದ್ದ ಹಾಗೆ ಏರಿಸಿ ಎದುರಿನವನನ್ನು ಹೆದರಿಸಿದರೆ ಅದೇ ಆಟದ ಜೀವ. ಟೂರ್ನಮೆಂಟಿನಲ್ಲಿ ಎಲ್ಲರಿಗೂ ಸಮಸಮ ಕಾಯಿ. ಕಾಯಿ ಮುಗಿದವನು ಎದ್ದು ಹೋಗಬೇಕು. ಕೊನೆಗೆ ಉಳಿದವನು ಗೆದ್ದ.

"ಅವಸರ ಪಡಬೇಡ," ಎಂದ ಷಡಕ್ಷರಿ ಹ್ಯಾಟಿನವನ ಧ್ವನಿಯಲ್ಲಿ. "ಮೊದಲು ಉಳಿದುಕೋ, ಗೆಲ್ಲುವುದು ಆಮೇಲೆ. ಹೊತ್ತು ಕಳೆದ ಹಾಗೆ ಕಟ್ಟುವ ಕಾಯಿ ಏರುತ್ತದೆ, ಆಗ ಕಾಯುತ್ತ ಕೂತವನು ಕರಗಿ ಹೋಗುತ್ತಾನೆ. ನಿನ್ನ ಎಲೆ ನೋಡಬೇಡ, ಎದುರಿನವನ ಕೈ ನೋಡು, ಬಾಯಿ ನೋಡು."

"ಇದು ನಮ್ಮ ಹರಾಜು ಕಣೋ!" ಗಂಗಾಧರಯ್ಯನವರು ತೊಡೆ ತಟ್ಟಿಕೊಂಡರು. "ಈ ನನ್ಮಗ ನಮ್ಮ ಮಂಡಿಗೆ ಯಾವಾಗ ಬಂದಿದ್ದ?"

ತೊಡಕಾದದ್ದು ಮುಖದ ಅಧ್ಯಾಯದಲ್ಲಿ. ಮುಖ ಕಲ್ಲಾಗಿರಬೇಕು ಎಂದಿತ್ತು ಪುಸ್ತಕ. ಗಂಗಾಧರಯ್ಯನವರು ವಾರಗಟ್ಟಲೆ ಮುಖವನ್ನು ಕಲ್ಲು ಮಾಡಲು ಹೆಣಗಿದರು. ಹಲ್ಲು ಕಚ್ಚಿದರು, ಉಸಿರು ಕಟ್ಟಿದರು. ಒಳ್ಳೆಯ ಎಲೆ ಬಂದರೆ ಕಲ್ಲಿನ ಮೇಲೆಯೇ ಮೀಸೆ ಕುಣಿಯುತ್ತಿತ್ತು. ಊಟಕ್ಕೆ ಕೂತಾಗಲೂ ಅಭ್ಯಾಸ ಮಾಡುತ್ತಿದ್ದ ಗಂಡನನ್ನು ನೋಡಿ ಮಲ್ಲಿಕಾಂಬ, "ಏನ್ರೀ, ಹೊಟ್ಟೆ ನೋವಾ? ಓಮಿನ ಕಷಾಯ ಮಾಡ್ಲಾ?" ಎಂದಳು.

"ನಂಗೆ ಬರಲ್ಲ ಕಣೋ," ಎಂದು ಅವರು ಒಂದು ಭಾನುವಾರ ಎಲೆಗಳನ್ನು ಕೆಳಗಿಟ್ಟರು. "ಇದಕ್ಕೇನೂ ಉಪಾಯ ಬರೆದಿಲ್ವಾ ನಿನ್ನ ಹ್ಯಾಟಿನವ್ನು?"

ಬರೆದಿರಲಿಲ್ಲ. ಬರೆದಿದ್ದರೂ ಆ ಹಾಳೆಗಳು ಖಾರದ ಕಡ್ಲೆಕಾಯಿ ಬೀಜ ಸುತ್ತಿಕೊಂಡು ಯಾವತ್ತೋ ಬಸ್ ಹತ್ತಿ ಹೋಗಿದ್ದವು. ಪುಸ್ತಕದ ಹಿಂಭಾಗ ಕಿತ್ತುಹೋಗಿತ್ತು. ಆದರೆ ಮಾವನ ಜೋತುಬಿದ್ದ ಮೀಸೆ ನೋಡಿ ಷಡಕ್ಷರಿಗೆ ಒಳಗಿನಿಂದ ಏನೋ ಕಚಗುಳಿ ಇಟ್ಟಿತು. ಪುಸ್ತಕದ ಮೊದಲಲ್ಲಿ ಸಣ್ಣಸಣ್ಣ ಅಕ್ಷರ ತುಂಬಿದ್ದ ಒಂದು ಹಾಳೆಯನ್ನು ಬಿಡಿಸಿ, ಗಂಟಲು ಸರಿ ಮಾಡಿಕೊಂಡ.

"ಇದೆ ಮಾವ! ಸಣ್ಣಕ್ಷರದಲ್ಲಿ ಬಚ್ಚಿಟ್ಟವ್ನೆ. ಕೊನೇ ಅಧ್ಯಾಯವಂತೆ, ಮೊದಲೇ ಹಾಕವ್ನೆ, ಯಾರಿಗೂ ಗೊತ್ತಾಗದೆ ಇರ್ಲಿ ಅಂತ." ಆಮೇಲೆ ಹ್ಯಾಟಿನವನ ಧ್ವನಿ: "ಮುಖ ಕಲ್ಲಾಗದವನು ನಗಬೇಕು. ಎಲೆ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಎತ್ತಿಕೊಂಡ ಕೂಡಲೇ ಬಾಯಿ ಬಿಟ್ಟು ಹ, ಹ, ಹ ಎಂದು ನಗಬೇಕು. ಆಟ ಮುಗಿಯುವವರೆಗೂ ಬಾಯಿ ಮುಚ್ಚಬಾರದು. ಇದು ನನ್ನ ಗುರುಗಳ ಗುಟ್ಟು, ಯಾರಿಗೂ ಹೇಳಬೇಡ."

ಗಂಗಾಧರಯ್ಯನವರು ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಷಡಕ್ಷರಿ ಅಲ್ಲಿಗೇ ನಿಜ ಹೇಳಿಬಿಡಬೇಕಿತ್ತು. ಆದರೆ ಮಾವ ಅಷ್ಟರಲ್ಲಿ "ಹ, ಹ, ಹ" ಎಂದಾಗಿತ್ತು. ಆ ನಗು ಎಷ್ಟು ಒಣಗಿತ್ತೆಂದರೆ, ಹಳೆ ಕಾಯಿಯೊಳಗೆ ಗಿಟುಕು ಅಲ್ಲಾಡಿದ ಹಾಗೆ ಕೇಳಿಸಿತು. ಷಡಕ್ಷರಿ ಕೆಮ್ಮು ಬಂದವನಂತೆ ಎದ್ದು ಹಿತ್ತಿಲಿಗೆ ಓಡಿದ.

ಮಂಡಿಗೆ ಬಂದ ರೈತರು ರೇಟು ಹೇಳಿದರೆ ಯಜಮಾನರು "ಹ, ಹ, ಹ" ಎನ್ನತೊಡಗಿದರು. ಕೆಲವರು ಹೆದರಿ ರೇಟು ಇಳಿಸಿದರು, ಕೆಲವರು ಅರಸೀಕೆರೆಯ ಕಡೆಗೆ ಗಾಡಿ ತಿರುಗಿಸಿದರು. ಮಲ್ಲಿಕಾಂಬ ಮಠದಿಂದ ವಿಭೂತಿ ತರಿಸಿ ಗಂಡನ ತಲೆದಿಂಬಿನ ಕೆಳಗಿಟ್ಟಳು.

ಸುದ್ದಿ ತರೀಕೆರೆಗೂ ಹೋಯಿತು. ತೀರ್ಥಪ್ಪ ಅಕ್ಕನನ್ನು ನೋಡುವ ನೆಪದಲ್ಲಿ ಬಂದ.

"ಹೊಸ ಆಟ ಕಲ್ತಿದೀರಂತೆ ಭಾವ. ಆಡೋಣ ಬಿಡಿ. ಯಾವ ಆಟ ಆದ್ರೂ ಮುಖ ಅದೇ ತಾನೆ?" ಅವನು ಎಲೆಯಡಿಕೆ ಸಂಚಿಯಿಂದ ಒಂದು ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡ. "ಆದ್ರೆ ಈ ಸಲ ಒಂದು ಮಾತು. ವರ್ಷವರ್ಷ ನಿಮ್ಮನ್ನ ಸೋಲ್ಸಿ ನಂಗೂ ಬೇಜಾರಾಗೈತೆ. ಈ ಸಲ ಸೋತೋರು ಇನ್ಮೇಲೆ ನಮ್ಮ ಪಡಸಾಲೇಲಿ ಇಸ್ಪೀಟು ಮುಟ್ಟಂಗಿಲ್ಲ. ಹಬ್ಬಕ್ಕೆ ಬರ್ಬೇಕು, ಹೋಳಿಗೆ ತಿನ್ಬೇಕು, ಮಲಗ್ಬೇಕು."

ಗಂಗಾಧರಯ್ಯನವರ ಮುಖ ಒಂದು ಕ್ಷಣ ಬಿಳುಚಿತು. ವರ್ಷದಲ್ಲಿ ಅವರು ಎದುರು ನೋಡುತ್ತಿದ್ದದ್ದು ಆ ಪಡಸಾಲೆಯಲ್ಲಿ ಇಸ್ಪೀಟಿಗೆ ಹಾಸುವ ಜಮಖಾನವೊಂದನ್ನೇ, ಸೋತರೂ ಸರಿಯೆ. ಆಮೇಲೆ ಅಧ್ಯಾಯ ನೆನಪಾಯಿತು.

"ಹ, ಹ, ಹ. ಆಗಲಿ ಕಣೋ ತೀರ್ಥ."

ಷಡಕ್ಷರಿ ಇಕ್ಕಟ್ಟಿಗೆ ಸಿಕ್ಕಿದ. ಈಗ ನಿಜ ಹೇಳಿದರೆ ಮಾವನ ಧೈರ್ಯವೆಲ್ಲ ಇಳಿದುಹೋಗುತ್ತದೆ. ಹೇಳದಿದ್ದರೆ ಎಲ್ಲರ ಮುಂದೆ ಹುಚ್ಚರಂತೆ ನಕ್ಕು, ಸೋತು, ಜಮಖಾನವನ್ನೂ ಕಳೆದುಕೊಳ್ಳುತ್ತಾರೆ. ಎಲ್ಲರ ಧ್ವನಿಯೂ ಬರುತ್ತಿದ್ದ ಅವನಿಗೆ ಅವತ್ತು ಸ್ವಂತ ಧ್ವನಿ ಬರಲಿಲ್ಲ.

ಕಡೂರಿಗೂ ಬೇಡ, ತರೀಕೆರೆಗೂ ಬೇಡ ಎಂದು ಅಜ್ಜಂಪುರದಲ್ಲಿ ಆಡುವುದೆಂದಾಯಿತು. ಮೂರೂರಿನಿಂದಲೂ ಇಬ್ಬಿಬ್ಬರು ಆಟಗಾರರು. ದೇವೀರಪ್ಪ ಗಿರಣಿಯ ಜಗಲಿ ಕೊಟ್ಟ. ಎಲೆ ಹಂಚಲು, ನ್ಯಾಯ ಹೇಳಲು ಅಲ್ಲಿನ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಓಬಳಪ್ಪನವರು ಕೊರಳಿಗೆ ಸೀಟಿ ಹಾಕಿಕೊಂಡೇ ಬಂದರು.

"ಜಗಲಿ ಮೇಲೆ ದುಡ್ಡು ಕಂಡ್ರೆ ನನ್ನ ಕೆಲಸ ಹೋಗುತ್ತೆ," ಎಂದು ಅವರು ಮೊದಲೇ ಹೇಳಿ ಕಳಿಸಿದ್ದರು. ಹಾಗಾಗಿ ಕಾಯಿಯ ಬದಲು ಬಟ್ಟಲಡಿಕೆ, ಅಂದರೆ ಬಟ್ಟಲಿನಂತಿರುವ ಅಡಿಕೆ ಹೋಳು, ಎಂದು ಗೊತ್ತುಮಾಡಿದ್ದರು. ಗಂಗಾಧರಯ್ಯನವರು ಹೆಂಡತಿಗೆ, "ಆಟಕ್ಕೆ ಬರೋರಿಗೆಲ್ಲ ಸಾಲೋಷ್ಟು ಬಟ್ಟಲಡಿಕೆ ತಯಾರು ಮಾಡು" ಎಂದಿದ್ದರು.

ಮಲ್ಲಿಕಾಂಬ ತಯಾರು ಮಾಡಿದ್ದಳು. ಮನೆಗೆ ಬರುವವರಿಗೆ ಅಡಿಕೆ ಎಂದರೆ ಯಾವ ಗೃಹಿಣಿ ತಾನೆ ಹಾಗೇ ಸುರಿದು ಕೊಡುತ್ತಾಳೆ? ಬೆಳಗಿನ ರೈಲಿನಲ್ಲಿ ಗಂಡನ ಜೊತೆ ಬಂದು, ತಂದ ಡಬ್ಬಿಯ ಮುಚ್ಚಳ ಅವಳು ತೆಗೆದಾಗ ಜಗಲಿಯ ತುಂಬ ಘಮ್ಮೆಂದಿತು. ಅಷ್ಟೂ ಅಡಿಕೆಯನ್ನು ತುಪ್ಪದಲ್ಲಿ ಹದವಾಗಿ ಹುರಿದು, ಏಲಕ್ಕಿ ಲವಂಗ ಸೇರಿಸಿದ್ದಳು.

"ಅತ್ತೆ, ಇದು ಆಡೋಕೆ!" ಎಂದ ಷಡಕ್ಷರಿ.

"ಆಡ್ಕೊಂಡು ತಿನ್ನಲಿ ಬಿಡೋ. ಬರೀ ಬಾಯಲ್ಲಿ ಕೂರಿಸ್ತಾರೇನೋ ನೆಂಟರನ್ನ?"

ಓಬಳಪ್ಪ ಮೇಷ್ಟ್ರು ಸೀಟಿ ಊದಿದರು. ಆಟ ಶುರುವಾಯಿತು.

ಮೊದಲ ಎಲೆ ಎತ್ತಿಕೊಂಡ ಕೂಡಲೇ ಗಂಗಾಧರಯ್ಯನವರು "ಹ, ಹ, ಹ" ಎಂದರು. ಮೂರೂರಿನ ಜನ ಬೆಚ್ಚಿಬಿದ್ದರು. ಎರಡನೆಯ ಆಟಕ್ಕೂ ಅದೇ, ಮೂರನೆಯದಕ್ಕೂ ಅದೇ. ಕಂಬದ ಹಿಂದೆ ನಿಂತಿದ್ದ ಷಡಕ್ಷರಿ ಕಣ್ಣು ಮುಚ್ಚಿಕೊಂಡ. ಯಾರೋ "ಬಿಸಿಲು ತಲೆಗೇರಿರ್ಬೇಕು, ಒಂಚೂರು ಮಜ್ಜಿಗೆ ಕೊಡ್ರಪ್ಪಾ" ಎಂದದ್ದು ಕೇಳಿಸಿತು. ಮೀಸೆ ಕುಣಿಯುತ್ತಿತ್ತು, ಹುಬ್ಬು ಏರುತ್ತಿತ್ತು, ನಿಜ. ಆದರೆ ನಗುವವನ ಮೀಸೆ ಯಾವತ್ತೂ ಕುಣಿಯುವುದೇ. ರಾಜ ಬಂದು ಕುಣಿಯಿತೋ ನಗು ಬಂದು ಕುಣಿಯಿತೋ ಯಾರಿಗೆ ಗೊತ್ತು?

ತೀರ್ಥಪ್ಪ ಭಾವನ ಮುಖವನ್ನು ಎಡದಿಂದ ನೋಡಿದ, ಬಲದಿಂದ ನೋಡಿದ. ಇಷ್ಟು ವರ್ಷ ಓದಿದ ಬೋರ್ಡಿನ ಮೇಲೆ ಯಾರೋ ಬಣ್ಣ ಎರಚಿದ್ದರು. ಅವನು ಯೋಚನೆಗೆ ಬಿದ್ದ. ಯೋಚನೆಗೆ ಬಿದ್ದ ಅಡಿಕೆ ವ್ಯಾಪಾರಿಯ ಕೈ ಎಲ್ಲಿಗೆ ಹೋಗುತ್ತದೆ? ಮಾಲು ಕಂಡರೆ ಒಂದನ್ನು ಕಚ್ಚಿ ನೋಡುವುದು ಅವನ ಕಸುಬಿನ ಪದ್ಧತಿ. ತನ್ನ ಮುಂದಿನ ಗುಡ್ಡೆಯಿಂದ ಒಂದು ಬಟ್ಟಲಡಿಕೆ ಎತ್ತಿ ಬಾಯಿಗೆ ಹಾಕಿಕೊಂಡ. ತುಪ್ಪದ ಹದ ಸೊಗಸಾಗಿತ್ತು. ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿ ಅದನ್ನೂ ಜೊತೆಗೆ ಕಳಿಸಿದ. ಒಂದು ಕೈಯಲ್ಲಿ ಆಡುವ ಎಲೆ, ಇನ್ನೊಂದು ಕೈಯಲ್ಲಿ ಅಗಿಯುವ ಎಲೆ.

ಅವನೊಬ್ಬನೇ ಅಲ್ಲ. ಜಗಲಿಯ ಮೇಲೆ ಎಲ್ಲರ ದವಡೆಯೂ ಆಡುತ್ತಿತ್ತು. ಹೊತ್ತು ಕಳೆದು ಕಟ್ಟುವ ಅಡಿಕೆ ಏರಿದ ಹಾಗೆ ಒಬ್ಬೊಬ್ಬರ ಗುಡ್ಡೆಯೂ ಬರಿದಾಗಿ, ಅಜ್ಜಂಪುರದವರು, ಆಮೇಲೆ ಇನ್ನಿಬ್ಬರು ಎದ್ದರು. ಅರ್ಧ ಸೋತು, ಅರ್ಧ ತಿಂದು.

ಅಡಿಕೆ ಬಾಯಿಗೆ ಹಾಕದವರು ಒಬ್ಬರೇ. ಬಾಯಿ ಮುಚ್ಚಬಾರದೆಂದು ಪುಸ್ತಕ ಹೇಳಿತ್ತಲ್ಲ. ನಗುವ ಬಾಯಲ್ಲಿ ಅಡಿಕೆ ನಿಲ್ಲುವುದಾದರೂ ಹೇಗೆ?

ಷಡಕ್ಷರಿಗೆ ಇದು ಹೊಳೆದದ್ದು ಮಧ್ಯಾಹ್ನದ ಹೊತ್ತಿಗೆ. ಹೊಳೆದ ಕೂಡಲೇ ಕಂಬದ ಹಿಂದಿನಿಂದ ಮುಂದಕ್ಕೆ ಬಂದ. ಮಾವನ ಕಣ್ಣು ತೀರ್ಥಪ್ಪನ ಬಾಯಿಯ ಮೇಲೇ ಇತ್ತು. ಎಲೆ ಕೆಟ್ಟಿದ್ದರೆ ತೀರ್ಥಪ್ಪನ ದವಡೆ ಓಡುತ್ತದೆ, ಒಳ್ಳೆಯದಿದ್ದರೆ ನಿಲ್ಲುತ್ತದೆ. ಮಂಡಿಯ ಯಜಮಾನರು ಅದನ್ನು ಯಾವಾಗಲೋ ಓದಿಯಾಗಿತ್ತು. ದವಡೆ ಓಡಿದಾಗ ಏರಿಸಿದರು, ನಿಂತಾಗ ಪ್ಯಾಕ್ ಮಾಡಿದರು. ಎರಡಕ್ಕೂ ಮುಂಚೆ "ಹ, ಹ, ಹ."

ಇಬ್ಬರೇ ಉಳಿದರು. ಓಬಳಪ್ಪ ಮೇಷ್ಟ್ರು ಐದೈದು ಎಲೆ ಹಂಚಿದರು. ತೀರ್ಥಪ್ಪನ ದವಡೆ ನಿಂತಿತು. ಗಂಗಾಧರಯ್ಯನವರ ಕೈಯಲ್ಲೂ ರಾಣಿಯ ಜೋಡಿ ಇತ್ತು. ಎಷ್ಟಾದರೂ ಮನುಷ್ಯರು, ಆಸೆ ಹುಟ್ಟಿತು.

"ಇರೋದೆಲ್ಲಾ ಇಟ್ಟೆ ಭಾವ!" ತೀರ್ಥಪ್ಪ ಕೆಳಗೆ ನೋಡದೆಯೇ ಎರಡು ಕೈಯಲ್ಲೂ ತಳ್ಳಿದ.

"ಹ, ಹ, ಹ. ನಾನೂ ಇಟ್ಟೆ."

ಶೋ. ತೀರ್ಥಪ್ಪನ ಕೈಯಲ್ಲಿ ಮೂರು ರಾಜರು.

ತರೀಕೆರೆಯವರು ಹೋ ಎಂದು ಕೂಗಿದರು. ಗಂಗಾಧರಯ್ಯನವರ ಬಾಯಿ ತೆರೆದೇ ಇತ್ತು, ನಗು ಮಾತ್ರ ಇರಲಿಲ್ಲ. ಷಡಕ್ಷರಿಗೆ ಜಗಲಿಯೇ ಕುಸಿದಂತಾಯಿತು. ಜಮಖಾನ ಹೋಯಿತು. ತನ್ನಿಂದ ಹೋಯಿತು. ಅಷ್ಟರಲ್ಲಿ ಸೀಟಿ ಕೇಳಿಸಿತು.

"ತಡೀರಿ! ಅಡಿಕೆ ನೋಡೋಣ. ನೀವು ಎಷ್ಟು ಇಟ್ಟಿದೀರೋ ಅಷ್ಟನ್ನೇ ಗೆಲ್ಲಬಹುದು ಅಂತ ನಿಯಮ. ಅಲ್ವೇನೋ ಷಡಕ್ಷರಿ?"

"ಹೌದು ಸಾರ್, ಹೌದು! ಇದು ನಿಜವಾಗ್ಲೂ ಪುಸ್ತಕದಲ್ಲೈತೆ!"

ತೀರ್ಥಪ್ಪ ಆಗ ಕೆಳಗೆ ನೋಡಿದ. ಎತ್ತರಕ್ಕಿದೆ ಎಂದುಕೊಂಡು ತಳ್ಳಿದ್ದ ಗುಡ್ಡೆ ಒಂದೇ ಹಿಡಿಯಷ್ಟಿತ್ತು. ಭಾವನ ಗುಡ್ಡೆಯಿಂದ ಅಷ್ಟೇ ಒಂದು ಹಿಡಿ ಅವನಿಗೆ ಬಂತು. ಉಳಿದ ರಾಶಿ ಕಡೂರಿನ ಕಡೆಯೇ ಕೂತಿತ್ತು.

"ನನ್ ಅಡಿಕೆ ಎಲ್ಲಿ ಹೋಯ್ತು?" ಎಂದು ತೀರ್ಥಪ್ಪ ಸುತ್ತ ನೋಡಿದ. ಜನವೆಲ್ಲ ಅವನ ಕೆಂಪು ತುಟಿಯನ್ನೇ ನೋಡುತ್ತಿತ್ತು. "ಯಾರೋ ತಗೊಂಡವ್ರೆ!"

"ತಗೊಂಡವ್ರು ಹೊರಗೆಲ್ಲೂ ಹೋಗಿಲ್ಲ ಕಣ್ರೀ," ಎಂದರು ಮೇಷ್ಟ್ರು.

ಅಲ್ಲಿಂದ ಮುಂದೆ ತೀರ್ಥಪ್ಪ ಇನ್ನಷ್ಟು ಯೋಚನೆಗೆ ಬಿದ್ದ. ಯೋಚಿಸಿದಷ್ಟೂ ಬಾಯಿ ಆಡಿತು. ಎದುರಿಗೆ "ಹ, ಹ, ಹ", ಅವನು ಪ್ಯಾಕ್. ಮತ್ತೆ "ಹ, ಹ, ಹ", ಮತ್ತೆ ಪ್ಯಾಕ್. ಕಟ್ಟುವುದಕ್ಕೊಂದಿಷ್ಟು, ಯೋಚನೆಗೊಂದು. ಕೊನೆಗೆ ಮೇಷ್ಟ್ರು, "ಕಟ್ರಿ ತೀರ್ಥಪ್ಪನೋರೆ" ಎಂದಾಗ ಅವನ ಕೈ ಚಾಪೆಯ ಮೇಲೆ ತಡಕಿತು. ಚಾಪೆ ಖಾಲಿ. ಉಳಿದಿದ್ದ ಕೊನೆಯ ಬಟ್ಟಲಡಿಕೆ ಅವನ ಬಲದವಡೆಯಲ್ಲಿತ್ತು. ಅವನು ಅದನ್ನು ತೆಗೆದು ಇಡಲೇ ಎಂಬಂತೆ ಬಾಯಿಗೆ ಬೆರಳು ಹಾಕಿದ.

"ಏಯ್, ಬೇಡ ಬೇಡ!" ಮೇಷ್ಟ್ರು ಉದ್ದಕ್ಕೆ ಸೀಟಿ ಊದಿದರು. "ಔಟ್!"

ತೀರ್ಥಪ್ಪ ಬೆಪ್ಪಾಗಿ ಬಾಯಲ್ಲಿದ್ದದ್ದನ್ನೆಲ್ಲ ಆ ಮೂಲೆಯ ಕಂಬದ ಬುಡಕ್ಕೆ ಉಗಿದ. ದೇವೀರಪ್ಪ "ಅಯ್ಯೋ ನನ್ ಕಂಬ!" ಎಂದು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಕಡೂರಿನವರು ಗಂಗಾಧರಯ್ಯನವರನ್ನು ಎತ್ತಿಕೊಂಡಿದ್ದರು.

"ಮಾತು ಅಂದ್ರೆ ಮಾತು ಭಾವ," ಎಂದ ತೀರ್ಥಪ್ಪ ತಲೆ ತಗ್ಗಿಸಿ. "ಇನ್ಮೇಲೆ ನಾನು ಪಡಸಾಲೇಲಿ ಎಲೆ ಮುಟ್ಟಲ್ಲ."

"ಥೂ, ನೀನಿಲ್ದೆ ನಾನು ಯಾರನ್ನ ಸೋಲ್ಸಲೋ? ದೀಪಾವಳಿಗೆ ಜಮಖಾನ ಹಾಸ್ಸು, ಬತ್ತೀನಿ. ಅಡಿಕೆ ಮಾತ್ರ ಬೇಡ, ಹುಣಿಸೆ ಬೀಜ ಇಟ್ಕೊಳ್ಳೋಣ." ಗಂಗಾಧರಯ್ಯನವರು ಜೇಬಿನಿಂದ ಪುಸ್ತಕ ತೆಗೆದರು. "ಎಲ್ಲಾ ಇದರ ಮಹಿಮೆ ಕಣ್ರಪ್ಪಾ! ಗೆದ್ದ ಮೇಲೆ ಇನ್ನೇನು ಮುಚ್ಚುಮರೆ. ಮೇಷ್ಟ್ರೇ, ಈ ಸಣ್ಣಕ್ಷರದ ಹಾಳೆ ಓದಿ, ಮೂರೂರಿನೋರೂ ಕೇಳ್ಲಿ."

ಷಡಕ್ಷರಿ ಮೆಲ್ಲಗೆ ಗಿರಣಿಯ ಬಾಗಿಲ ಕಡೆ ಸರಿದ. ಅಲ್ಲಿ ಮಲ್ಲಿಕಾಂಬ ಡಬ್ಬಿ ಹಿಡಿದು ಅಡ್ಡ ನಿಂತಿದ್ದಳು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಹಾಳೆಯನ್ನು ನೋಡಿದರು, ತಿರುಗಿಸಿ ನೋಡಿದರು. "ಗಂಗಾಧರಯ್ಯನೋರೆ, ಇದು ಪುಸ್ತಕ ಅಚ್ಚು ಮಾಡಿದೋರ ವಿಳಾಸ. ರಸ್ತೆ ಹೆಸರು, ಫೋನ್ ನಂಬರು. ಕೆಳಗೆ, ಇದನ್ನ ಯಾರೂ ಕಾಪಿ ಹೊಡೀಬಾರ್ದು ಅಂತೈತೆ."

ಗಂಗಾಧರಯ್ಯನವರು ಹಾಳೆಯ ಮೇಲೆ ಬಗ್ಗಿದರು.

"ನಗಬೇಕು ಅಂತ ಎಲ್ಲೂ ಇಲ್ವಾ?"

"ಎಲ್ಲೂ ಇಲ್ಲ."

ಗಂಗಾಧರಯ್ಯನವರು ನಿಧಾನವಾಗಿ ಅಳಿಯನ ಕಡೆ ತಿರುಗಿದರು. ಷಡಕ್ಷರಿ ಬಾಯಿ ತೆರೆದ. ಸ್ಟೇಷನ್ನಿನ ಧ್ವನಿ ಬರಲಿಲ್ಲ, ಹ್ಯಾಟಿನವನದೂ ಬರಲಿಲ್ಲ. "ನಾನೇ ಕಟ್ಟಿ ಹೇಳ್ದೆ ಮಾವ," ಎಂದು ಸಣ್ಣದೊಂದು ಧ್ವನಿ ಬಂತು, ಅದು ಅವನದೇ.

"ಅಂದ್ರೆ ನಾನು ಇಷ್ಟು ದಿನ," ಎಂದರು ಗಂಗಾಧರಯ್ಯನವರು, "ಯಾರದೋ ವಿಳಾಸ ಕಣ್ಣಿಗೊತ್ಕೊಂಡು ನಕ್ಕಿದ್ದಾ?"

ಮೊದಲು ತೀರ್ಥಪ್ಪ ಕಿಸಕ್ಕೆಂದ. ಆಮೇಲೆ ಮೇಷ್ಟ್ರು, ಆಮೇಲೆ ಮೂರೂರಿನವರು. ಮಲ್ಲಿಕಾಂಬ ಸೆರಗು ಬಾಯಿಗೆ ಹಿಡಿದುಕೊಂಡಳು. ಗಂಗಾಧರಯ್ಯನವರ ಮೀಸೆ ಒಂದು ಸಲ ಅದುರಿತು, ಹುಬ್ಬು ವಿಭೂತಿಯವರೆಗೂ ಏರಿತು, ಹೊಟ್ಟೆ ಕುಲುಕಿತು. ಆಮೇಲೆ ಬಂದದ್ದು ಗಿಟುಕಿನ ಸದ್ದಲ್ಲ. ಎಲ್ಲೋ ಆಳದಿಂದ ಉರುಳಿಕೊಂಡು ಬಂದು, ಕಣ್ಣಲ್ಲಿ ನೀರು ಹರಿಸಿ, ಟವಲ್ಲನ್ನು ಹೆಗಲಿನಿಂದ ಬೀಳಿಸಿ, ಅಳಿಯನ ಬೆನ್ನಿಗೆ ಧಪಧಪ ಗುದ್ದಿಸಿ, ಗಿರಣಿಯ ತಗಡು ಗಡಗಡ ಎನ್ನುವಂತೆ, ಎಲ್ಲರ ನಗುವನ್ನೂ ಮುಳುಗಿಸಿಬಿಟ್ಟಿತು ಆ ನಗು.